ಭೀಮಾಬಾಯಿ ಆರಿಸಿದ ಓಣಿ

ಟಪಾಲು ತಿರುಮಲರಾಯರು ಪೆನ್ಷನ್ ತೆಗೆದುಕೊಂಡ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ, ಅವರ ಹೆಂಡತಿ ಭೀಮಾಬಾಯಿ ಹೊಸಪೇಟೆಯಲ್ಲಿ ಒಂದು ಮನೆ ಆರಿಸಿದಳು. ಆ ಮನೆಯ ಮಣ್ಣಿನ ಮಾಳಿಗೆ ಮಳೆಗೆ ಸೋರುತ್ತಿತ್ತು. ಹಿಂದಿನ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಅಡುಗೆಮನೆಯಲ್ಲಿ ನಡುಹಗಲಿಗೂ ದೀಪ ಹಚ್ಚಬೇಕು. ಪುಕ್ಕಟೆ ಕೊಟ್ಟರೂ ಒಲ್ಲೆ ಅನ್ನುವಂಥ ಮನೆಗೆ ಈ ಹೆಂಗಸು ಯಾಕೆ ಹಟ ಹಿಡಿದಳೋ ಎಂದು ಬಂಧುಬಳಗವೆಲ್ಲ ಹಣೆ ಬಡಿದುಕೊಂಡಿತು. ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವಳ ತಮ್ಮ ಪುರಂದರನಂತೂ ಒಂದು ತಿಂಗಳು ಅಕ್ಕನ ಕಡೆ ಹಾಯಲೇ ಇಲ್ಲ.

ಹಟಕ್ಕೆ ಕಾರಣ ಭೀಮಾಬಾಯಿಯ ಬಲಗಾಲು.

ಅವಳು ಕಂಪ್ಲಿಯ ಶಾನುಭೋಗರ ಮಗಳು. ನಾಲ್ಕು ವರ್ಷದವಳಿದ್ದಾಗ ಮೂರು ದಿನ ಸುಡುಸುಡು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಬಲಗಾಲಿನ ಬಲವನ್ನೂ ಕೊಂಡೊಯ್ದಿತು. ಕಾಲು ಬೆಳೆಯಿತು, ಆದರೆ ಕಬ್ಬಿನ ಜಲ್ಲೆಯಷ್ಟೇ ಸಣ್ಣಗೆ. ಊರುಗೋಲು ಹಿಡಿದು ಅಂಗಳ ಸುತ್ತುತ್ತಿದ್ದ ಹುಡುಗಿಗೆ ಗಂಡು ಎಲ್ಲಿಂದ ತರುವುದೆಂದು ಶಾನುಭೋಗರು ಕೊರಗುತ್ತಿದ್ದಾಗ, ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದ ತಿರುಮಲರಾಯರ ಸಂಬಂಧ ಬಂತು. ಅವರು ಹೊಸಪೇಟೆಯ ಅಂಚೆ ಕಚೇರಿಯಲ್ಲಿ ಟಪಾಲು ಹಂಚುವ ಕೆಲಸದಲ್ಲಿದ್ದರು. ಸ್ಟೇಷನ್ನಿನಿಂದ ಪೇಟೆ, ಪೇಟೆಯಿಂದ ಕೇರಿಗಳು, ಕೆಲವು ದಿನ ಕಮಲಾಪುರ, ಹಂಪಿ, ಎಲ್ಲ ಕಾಲ್ನಡಿಗೆಯೇ. ಹುಡುಗಿಯ ಕಾಲಿನ ವಿಷಯ ಮಧ್ಯಸ್ಥರು ಅಳುಕುತ್ತ ಎತ್ತಿದಾಗ ರಾಯರು ನಕ್ಕುಬಿಟ್ಟರಂತೆ.

"ಇಬ್ಬರ ಪಾಲಿನ ನಡಿಗಿ ನಾನೊಬ್ಬನ ನಡೀಲಿಕ್ಕೆ ಹತ್ತೀನಿ. ಮನ್ಯಾಗ ಇನ್ನೊಬ್ಬರು ನಡೆಯೋರು ಯಾಕ ಬೇಕು?"

ಈ ಮಾತನ್ನು ಭೀಮಾಬಾಯಿ ಹದಿನಾಲ್ಕರ ವಯಸ್ಸಿನಲ್ಲಿ ಬಾಗಿಲ ಹಿಂದೆ ನಿಂತು ಕೇಳಿ ಸಂತೋಷಪಟ್ಟಳು. ಅದು ಎಂಥ ಮಾತು ಅನ್ನುವುದು ಅವಳಿಗೆ ತಿಳಿದದ್ದು ಹೊಸಪೇಟೆಗೆ ಬಂದ ಮೇಲೆ.

ರಾಯರ ಬಾಡಿಗೆ ಮನೆ ಕಾಲುವೆಯ ಆಚೆ ಇತ್ತು. ಊರಿಗೆ ಬರಬೇಕಾದರೆ ಕಾಲುವೆಗೆ ಅಡ್ಡ ಹಾಕಿದ ಎರಡು ತೆಂಗಿನ ದಿಮ್ಮಿಗಳ ಮೇಲೆ ದಾಟಬೇಕು. ಊರುಗೋಲಿನವಳಿಗೆ ಅದು ಆಗದ ಮಾತು. ಹಬ್ಬಕ್ಕೋ ಮದುವೆಗೋ ಹೋಗುವುದಿದ್ದರೆ ಸುತ್ತುಬಳಸಿ ಬರುವ ಎತ್ತಿನ ಬಂಡಿ ಹೇಳಬೇಕು. ವರ್ಷಕ್ಕೆ ನಾಲ್ಕು ಸಲ ಬಂಡಿ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಅವಳ ಪಾಲಿಗೆ ಊರೆಂದರೆ ಕಾಲುವೆಯ ಆಚೆ ದಡದಲ್ಲಿ ಕಾಣುವ ಹೊಗೆ, ಕೇಳುವ ಗದ್ದಲ.

ರಾಯರು ಕೆಟ್ಟ ಮನುಷ್ಯರಲ್ಲ. ಸಂಜೆ ಬಂದು ಕಾಲಿನ ಕೆಂಧೂಳು ತೊಳೆದುಕೊಂಡು ಕೂತರೆ, ಆವತ್ತು ಯಾರ ಮನೆಗೆ ಏನು ಕಾಗದ ಬಂತು, ಯಾರು ಅತ್ತರು, ಯಾರು ಮನಿಆರ್ಡರು ಇಸಿದುಕೊಂಡು ಬೆಲ್ಲ ನೀರು ಕೊಟ್ಟರು ಎಲ್ಲ ಹೇಳುವರು. ಸ್ಲೇಟಿನ ಮೇಲೆ ವಿಳಾಸಗಳನ್ನು ಬರೆದು ತೋರಿಸಿ ತೋರಿಸಿ ಅವಳಿಗೆ ಓದು ಬರಹ ಕಲಿಸಿದರು. ಹೀಗಾಗಿ ಭೀಮಾಬಾಯಿಗೆ ಯಾವ ಓಣಿಯಲ್ಲಿ ಯಾರ ಮನೆಯ ಮಗ್ಗುಲಿಗೆ ಯಾರ ಮನೆ ಅನ್ನುವುದು ಬಾಯಿಪಾಠವಾಯಿತು. ಕಣ್ಣಿಂದ ನೋಡಿದ್ದು ಮಾತ್ರ ಒಂದೂ ಇಲ್ಲ.

ಮದುವೆಯಾದ ನಾಲ್ಕನೆಯ ವರ್ಷ ಊರಿಗೆ ಪ್ಲೇಗು ಬಂತು. ಇಲಿ ಬಿದ್ದವೆಂದು ಜನ ಮನೆ ಬಿಟ್ಟು ಊರಾಚೆಯ ಬಯಲಿಗೆ ಹೋದರು. ಅಲ್ಲಿ ತಟ್ಟಿ ಕಟ್ಟಿದ ಗುಡಿಸಲುಗಳು, ಎದುರುಬದುರು ಎರಡು ಸಾಲು, ನಡುವೆ ಹಾಸಿದಂತೆ ಮಟ್ಟಸವಾದ ನೆಲ. ಹತ್ತು ಗುಡಿಸಲಿಗೊಂದು ಕಡೆ ಒಬ್ಬರು ಒರಳುಕಲ್ಲು ಹಾಕಿದ್ದರು, ಇನ್ನೊಬ್ಬರು ಮುರಿದ ಬಂಡಿಯ ನೊಗ. ಸಾಲಿನ ಕೊನೆಗೆ ಬಾವಿ. ಮೂರನೆಯ ದಿನ, ಯಾರೂ ನೋಡದ ಹೊತ್ತಿನಲ್ಲಿ, ಭೀಮಾಬಾಯಿ ಊರುಗೋಲು ಹಿಡಿದು ಎದ್ದಳು. ಒರಳುಕಲ್ಲಿನ ತನಕ ನಡೆದು ಕೂತಳು. ಎದ್ದು ನೊಗದ ತನಕ ನಡೆದು ಕೂತಳು. ಆಮೇಲೆ ಬಾವಿ! ಅಲ್ಲಿ ನೀರು ಸೇದುತ್ತಿದ್ದ ಲಿಂಗವಂತರ ಸೊಸೆಯೊಬ್ಬಳು, ಪಂಪಮ್ಮ ಎಂದು ಹೆಸರು, ಅವಳ ಮುಖದ ಬೆವರು ನೋಡಿ, "ಯಾಕ್ರೀ ಅಕ್ಕಾರ, ಅಳಾಕ ಹತ್ತೀರೇನು?" ಅಂದಳು.

ಭೀಮಾಬಾಯಿ ಅಳುತ್ತಿರಲಿಲ್ಲ, ನಗುತ್ತಿದ್ದಳು.

ನಾಲ್ಕು ತಿಂಗಳು ಅವಳು ದಿನವೂ ನಡೆದಳು. ಬಾವಿಗೆ, ಬಾಣಂತಿಯ ಗುಡಿಸಲಿಗೆ, ಸಾಲಿನ ಆ ತುದಿಯ ಬೇವಿನ ನೆರಳಿಗೆ. ತನ್ನ ಕಾಲಿನ ಅಳತೆ ಅವಳಿಗೆ ಆಗ ತಿಳಿಯಿತು: ನೂರು, ಬಹಳವಾದರೆ ನೂರಿಪ್ಪತ್ತು ಹೆಜ್ಜೆ, ಆಮೇಲೆ ಕೂರಲು ಜಾಗ ಬೇಕು. ಕೂತೆದ್ದರೆ ಮತ್ತೆ ನೂರು. ಹಾಗೆ ನೆಲ ಮಟ್ಟಸವಾಗಿದ್ದು, ಅಲ್ಲಲ್ಲಿ ಕೂರಲು ಸಿಕ್ಕರೆ, ತಾನೂ ಊರೆಲ್ಲ ತಿರುಗಬಲ್ಲೆ ಎಂದು ಗೊತ್ತಾಯಿತು. ಕುಂಟಾಗಿದ್ದದ್ದು ಕಾಲೊಂದೇ ಅಲ್ಲ, ತಾನಿದ್ದ ಜಾಗವೂ ಕುಂಟಾಗಿತ್ತು.

ಪ್ಲೇಗು ಇಳಿದು ಜನ ನಗುನಗುತ್ತ ಊರಿಗೆ ಮರಳಿದ ದಿನ ಅವಳೊಬ್ಬಳು ಬಂಡಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟೋ ಮನೆಗಳು ಬರಿದಾಗಿದ್ದ ಕಾಲ. ಆ ದಿನಗಳು ನನಗೆ ಒಳ್ಳೆಯ ದಿನಗಳಾಗಿದ್ದವು ಎಂದು ಯಾರ ಮುಂದೆ ಹೇಳುವುದು? ಮಾತನ್ನು ನುಂಗಿಕೊಂಡು ಕಾಲುವೆಯಾಚೆಯ ಮನೆಗೆ ಹೋದಳು. ಅಲ್ಲಿ ಮತ್ತೆ ಇಪ್ಪತ್ತಮೂರು ವರ್ಷ ಕಳೆದವು. ಹುಟ್ಟಿದ ಒಬ್ಬಳೇ ಮಗಳನ್ನು ಬಳ್ಳಾರಿಗೆ ಕೊಟ್ಟರು.

ರಾಯರು ಪೆನ್ಷನ್ನಿಗೆ ಬಂದಾಗ ಸ್ವಂತ ಮನೆಯ ಮಾತು ಎದ್ದಿತು. ಪುರಂದರನೇ ಮುಂದೆ ನಿಂತು ಒಂದು ಮನೆ ನೋಡಿದ. ಸ್ಟೇಷನ್ನಿನ ಕಡೆ ಹೊಸದಾಗಿ ಕಟ್ಟಿದ್ದು. ಮಂಗಳೂರು ಹೆಂಚು, ಸುಣ್ಣದ ಗೋಡೆ, ಸುತ್ತ ಕಾಂಪೌಂಡು, ಒಳಗೆ ಎರಡು ಪೇರಲ ಗಿಡ. ರಾಯರು ಆ ಪಡಸಾಲೆಯಲ್ಲಿ ನಿಂತು ಕಿವಿಗೊಟ್ಟು ಕೇಳಿದರು. ಸದ್ದೇ ಇರಲಿಲ್ಲ. ಮೂವತ್ತು ವರ್ಷ ಜನರ ಬಾಗಿಲು ಬಡಿದ ಮನುಷ್ಯನಿಗೆ ಯಾರೂ ಬಾಗಿಲು ಬಡಿಯದ ಮನೆಯೊಂದು ಬೇಕಾಗಿತ್ತು. ಅವರ ಕಣ್ಣು ತುಂಬಿ ಬಂತು.

ಭೀಮಾಬಾಯಿ ಜಟಕಾದಿಂದ ಇಳಿದು ಮನೆಯೊಳಗೆ ಒಂದು ಸುತ್ತು ಬಂದು, ಗೇಟಿನ ಹೊರಗೆ ಹೋಗಿ ನಿಂತಳು. ರಸ್ತೆ ನೇರವಾಗಿ, ಬೆಳ್ಳಗೆ, ಒಂದು ಗಿಡದ ನೆರಳೂ ಇಲ್ಲದೆ ಬಿಸಿಲಲ್ಲಿ ಬಿದ್ದಿತ್ತು.

"ಪುರಂದರ, ಇಲ್ಲಿಂದ ಪ್ಯಾಟಿ ಎಷ್ಟು ದೂರ ಆಗ್ತದ?"

"ಒಂದೂವರಿ ಮೈಲು ಅಕ್ಕ. ಹೇಳಿ ಕಳಿಸಿದ್ರ ಜಟಕಾ ಬರ್ತದ."

"ಗುಡಿ?"

"ಅದೂ ಜಟಕಾದಾಗ ಹೋದ್ರ ಹತ್ತು ನಿಮಿಷ."

"ಮಗ್ಗಲ ಮನಿಯವರು?"

"ಇನ್ನೂ ಕಟ್ಟಬೇಕು. ಇಲ್ಲೆಲ್ಲ ಇನ್ನ ಮುಂದ ಬೆಳೀತದ."

ಭೀಮಾಬಾಯಿ ತಲೆಯಾಡಿಸಿದಳು. "ಅಂದ್ರ ಇದೂ ಕಾಲುವಿ ಆಚಿ ಮನೀನ. ನೀರೊಂದು ಕಾಣಸವಲ್ದು ಅಷ್ಟ."

ಮನೆಗೆ ಬಂದು ಅವಳು ರಾಯರಿಗೆ ಊಟ ಬಡಿಸಿದಳು. ಆಮೇಲೆ ಹೇಳಿದಳು. ಮದುವೆಯಾದಾಗಿನಿಂದ ಅವಳು ಗಂಡನ ಮಾತಿಗೆ ಎದುರಾಡಿದ್ದು ಅದೇ ಮೊದಲು.

"ಆ ಮನಿ ಬ್ಯಾಡ ಅಂತೀನಿ."

"ಯಾಕ? ಏನು ಕಡಿಮಿ ಅದ ಅದಕ್ಕ?"

"ಮನಿಗೆ ಏನೂ ಕಡಿಮಿ ಇಲ್ಲ. ನೀವು ಮೂವತ್ತು ವರ್ಷ ನಡದೀರಿ, ಇನ್ನ ಕೂಡಬೇಕು ಅಂತೀರಿ. ತಪ್ಪಲ್ಲ. ಆದ್ರ ನಾನು ಇಷ್ಟೂ ವರ್ಷ ಕೂತೀನಿ. ನಾನಿನ್ನ ನಡೀಬೇಕು."

ಆಗ ಅವಳು ಪ್ಲೇಗಿನ ಬಯಲಿನ ಕಥೆಯನ್ನು ಮೊದಲ ಸಲ ಬಿಚ್ಚಿ ಹೇಳಿದಳು. ಒರಳುಕಲ್ಲು, ನೊಗ, ಬಾವಿ, ನೂರು ಹೆಜ್ಜೆ, ಬಂಡಿಯಲ್ಲಿ ಅತ್ತದ್ದು. ಇಬ್ಬರ ಪಾಲಿನ ನಡಿಗೆ ನಾನೇ ನಡೆಯುತ್ತೇನೆ ಎಂದು ಹೆಮ್ಮೆಯಿಂದ ಆಡಿದ್ದ ಮಾತು ರಾಯರಿಗೆ ನೆನಪಾಗಿರಬೇಕು. ಒಬ್ಬರ ನಡಿಗೆಯನ್ನು ಇನ್ನೊಬ್ಬರು ನಡೆಯಲು ಬರುವುದಿಲ್ಲ ಎಂಬುದು ಹೊಳೆದು, ಎದ್ದು ಬಂದು ಅವಳ ಹತ್ತಿರ ಕೂತು ಕೇಳಿದರು:

"ನೂರು ಹೆಜ್ಜಿಗೆ ಒಂದು ಕಟ್ಟಿ ಬೇಕು. ನೆಲ ಮಟ್ಟಸ ಇರಬೇಕು. ಅಷ್ಟ ಹೌದಲ್ಲೊ?"

"ನೆರಳಿದ್ರ ಭಾಳ ಚಲೋ."

ಮರುದಿನದಿಂದ ರಾಯರ ತಲೆಯಲ್ಲಿ ಊರೇ ಬೇರೆಯಾಯಿತು. ಬಾಗಿಲುಗಳ ಲೆಕ್ಕದಲ್ಲಿ ಗೊತ್ತಿದ್ದ ಓಣಿಗಳನ್ನು ಈಗ ಕಟ್ಟೆಗಳ ಲೆಕ್ಕದಲ್ಲಿ ನೆನೆಯತೊಡಗಿದರು. ಆ ಓಣಿಯಲ್ಲಿ ಕಟ್ಟೆಗಳಿವೆ, ಆದರೆ ನಡುವೆ ಗಟಾರ ಒಡೆದಿದೆ. ಈ ಓಣಿ ಹಸನಾಗಿದೆ, ಆದರೆ ಬಾಗಿಲಿಗೆ ಐದೈದು ಮೆಟ್ಟಿಲು. ಪೇಟೆಬೀದಿಯಲ್ಲಿ ಬಂಡಿಗಳ ಕಾಟ. ನಾಲ್ಕು ದಿನ ಹೀಗೆ ಗುಣಾಕಾರ ಭಾಗಾಕಾರ ಮಾಡಿ, ಐದನೆಯ ದಿನ ಪೂಜೆ ಮಾಡುತ್ತಿದ್ದವರು ಎದ್ದು ಬಂದು, "ಬೇವಿನಕಟ್ಟಿ ಓಣಿ!" ಅಂದರು.

ಬೇವಿನಕಟ್ಟೆ ಓಣಿಯಲ್ಲಿ ಮಾರಾಟಕ್ಕಿದ್ದದ್ದು ಒಂದೇ ಮನೆ. ಅದರ ಯಜಮಾನ ವಿರುಪಾಕ್ಷಪ್ಪ ಎಂಬ ಮುದುಕ ಸಂಡೂರಿನಲ್ಲಿದ್ದ ಮಗನ ಹತ್ತಿರ ಹೋಗುವವನಿದ್ದ. ಸೋರುವ ಮಾಳಿಗೆಯನ್ನು ಹೇಗೆ ಮುಚ್ಚಿಡಲಿ ಎಂದು ಅವನು ದಿಗಿಲಿನಲ್ಲಿದ್ದರೆ, ಕೊಳ್ಳಲು ಬಂದ ಹೆಂಗಸು ಒಳಗೇ ಹೋಗಲಿಲ್ಲ. ಹೊಸ್ತಿಲಿಗೆ ಬೆನ್ನು ಮಾಡಿ ಓಣಿಯನ್ನು ನೋಡುತ್ತ ನಿಂತಳು.

"ತೊಲಿ ನೋಡ್ರಿ ತಾಯಿ, ಸಾಗವಾನಿ ಐತಿ" ಎಂದು ಅವನು ಕರೆದ.

"ಆಮ್ಯಾಲೆ ನೋಡ್ತೀನಿ" ಎಂದು ಭೀಮಾಬಾಯಿ ಊರುಗೋಲು ಊರಿ ಹೊರಟೇಬಿಟ್ಟಳು. ರಾಯರೂ ವಿರುಪಾಕ್ಷಪ್ಪನೂ ಹಿಂದೆ. ತೊಂಬತ್ತೆರಡು ಹೆಜ್ಜೆಗೆ ಒಂದು ಮನೆಯ ಕಟ್ಟೆ, ಕೂತಳು. ಅಲ್ಲಿಂದ ಎಂಬತ್ತು ಹೆಜ್ಜೆಗೆ ದೊಡ್ಡ ಬೇವಿನ ಮರ, ಅದರ ಸುತ್ತ ಕಲ್ಲುಕಟ್ಟೆ, ಅಲ್ಲೂ ಕೂತಳು. ಮುಂದೆ ಬಾವಿ, ಹನುಮಂತದೇವರ ಗುಡಿ, ಗುಡಿಯ ಜಗಲಿ. ಜಗಲಿಯಿಂದ ಎರಡು ಕಟ್ಟೆ ದಾಟಿದರೆ ಕಾಯಿಪಲ್ಯೆಯ ಪೇಟೆ. ಒಂದು ಕಟ್ಟೆಯ ಮೇಲೆ ಹೂ ಕಟ್ಟುತ್ತ ಕೂತಿದ್ದ ಹೆಂಗಸು ಕತ್ತೆತ್ತಿ ನೋಡಿ, ಹೂವು ಮಡಿಲಲ್ಲೇ ಬಿಟ್ಟು ಎದ್ದು ನಿಂತಳು.

"ಅಯ್ಯ ಶಿವನ! ಪ್ಲೇಗಿನಾಗ ಬಾವಿಗೆ ಬರ್ತಿದ್ದ ಅಕ್ಕಾರಲ್ರೀ?"

ಪಂಪಮ್ಮ. ಈಗ ತಲೆ ನರೆತಿತ್ತು, ಗಂಡ ಇರಲಿಲ್ಲ. ಧ್ವನಿ ಮಾತ್ರ ಅದೇ.

ಮರಳಿ ಬಂದಾಗ ವಿರುಪಾಕ್ಷಪ್ಪನಿಗೆ ತಡೆಯಲಾಗಲಿಲ್ಲ. "ಅಲ್ರೀ ತಾಯಿ, ನೀವು ಮನಿ ನೋಡಾಕ ಬಂದೀರೋ, ಓಣಿ ನೋಡಾಕ ಬಂದೀರೋ?"

"ಮಾಳಿಗಿ ಸೋರಿದ್ರ ಮಣ್ಣು ಹಾಕಿಸ್ಲಿಕ್ಕೆ ಬರ್ತದ. ಓಣಿ ಎಲ್ಲಿಂದ ತಂದು ಹಾಕಿಸ್ಲಿ?" ಅಂದಳು ಭೀಮಾಬಾಯಿ. ಮುದುಕ ಆ ಮಾತಿಗೆ ಎಷ್ಟು ಮೆಚ್ಚಿದನೆಂದರೆ, ಮಾಳಿಗೆ ಎಲ್ಲೆಲ್ಲಿ ಸೋರುತ್ತದೆ ಎಂಬುದನ್ನು ತಾನೇ ಕೈಮಾಡಿ ತೋರಿಸಿಕೊಟ್ಟ.

ಹೊಸ ಮನೆಗೆ ಬಂದ ಎಂಟನೆಯ ದಿನ ಬೆಳಿಗ್ಗೆ ಅವಳು ಕೈಚೀಲ ತೆಗೆದುಕೊಂಡು, "ಪ್ಯಾಟಿಗೆ ಹೋಗಿ ಬರ್ತೀನಿ" ಎಂದಳು. ನಲವತ್ತೊಂದು ವರ್ಷದ ಬಾಳಿನಲ್ಲಿ ಆ ಮಾತನ್ನು ಅವಳು ಹಿಂದೆಂದೂ ಆಡಿರಲಿಲ್ಲ. "ನಾನೂ ಬರ್ಲೇನು?" ಎಂದರು ರಾಯರು. "ಬ್ಯಾಡ್ರಿ." ರಾಯರು ಆಗಲಿ ಅಂದರು, ಆದರೆ ಜೀವ ತಡೆಯದೆ, ಅವಳು ಬೇವಿನಮರ ದಾಟಿದ ಮೇಲೆ ಎದ್ದು, ಕಳ್ಳನಂತೆ ಗೋಡೆ ಹಿಡಿದು ಹಿಂದೆಯೇ ಹೋದರು. ಅವಳಿಗೆ ಅದು ಗೊತ್ತಾಯಿತು. ಇಪ್ಪತ್ತೇಳು ವರ್ಷ ಕೇಳಿದ ಹೆಜ್ಜೆಯ ಸದ್ದು ಗುರುತು ಸಿಗದೆ ಇರುತ್ತದೆಯೆ? ಅವಳು ಹಿಂದಿರುಗಿ ನೋಡಲಿಲ್ಲ.

ಬದನೆಕಾಯಿ ಮಾರುವವಳ ಮುಂದೆ ನಿಂತು, ಆರಿಸುವುದು ಹೇಗೆಂದು ತಿಳಿಯದೆ, ಹೊಳೆಯುವವನ್ನೆಲ್ಲ ಚೀಲಕ್ಕೆ ಹಾಕಿಕೊಂಡಳು. ಹೇಳಿದಷ್ಟು ಕೊಟ್ಟಳು. ಮನೆಗೆ ಬಂದು ಹೆಚ್ಚಿ ನೋಡಿದರೆ ಅರ್ಧಕ್ಕರ್ಧ ಹುಳುಕು. ಇದ್ದಷ್ಟರಲ್ಲೇ ಎಣ್ಣೆಗಾಯಿ ಮಾಡಿ ಬಡಿಸಿದಳು. ರಾಯರು ಎರಡು ಸಲ ಹಾಕಿಸಿಕೊಂಡು ಉಂಡರು. ಸಂಜೆ ಪಂಪಮ್ಮ ಬಂದು ಬದನೆಕಾಯಿಯ ತೊಟ್ಟು ನೋಡಿ ಆರಿಸುವುದನ್ನು ಕಲಿಸಿದಳು. ಆರು ತಿಂಗಳಲ್ಲಿ ಪೇಟೆಯವರು ಭೀಮಾಬಾಯಿ ಬರುವುದನ್ನು ದೂರದಿಂದ ಕಂಡರೆ ಹುಳುಕನ್ನು ಬೇರೆ ಮಾಡಿಡುವಷ್ಟು ಅವಳು ಗಟ್ಟಿಯಾದಳು.

ಆ ಓಣಿಯಲ್ಲಿ, ಅದರ ಅಕ್ಕಪಕ್ಕದಲ್ಲಿ, ಓದು ಬರುವ ಹೆಂಗಸರೇ ಇರಲಿಲ್ಲ. ಗಂಡಂದಿರು ಸಂಡೂರಿನ ಗುಡ್ಡದ ಮ್ಯಾಂಗನೀಸು ಗಣಿಯಲ್ಲಿ, ರೈಲು ಇಲಾಖೆಯಲ್ಲಿ, ಗದಗಿನ ಗಿರಣಿಗಳಲ್ಲಿ. ಕಾಗದ ಬಂದರೆ ಓದಿಸಲು ಯಾರಾದರೂ ಗಂಡಸರನ್ನು ಹುಡುಕಬೇಕು. ಗಂಡಸರ ಮುಂದೆ ಓದಿಸಬಾರದಂಥ ಮಾತುಗಳೂ ಕಾಗದದಲ್ಲಿ ಇರುತ್ತಿದ್ದವು. ಭರಮಮ್ಮ ಎಂಬ ಹುಡುಗಿ ಒಂದು ದಿನ ಕಟ್ಟೆಯ ಮುಂದೆ ಕಾಗದ ಹಿಡಿದು ನಿಂತಳು. ಗಣಿಯಲ್ಲಿದ್ದ ಗಂಡ ಬರೆಸಿದ್ದು. ಭೀಮಾಬಾಯಿ ಅದನ್ನು ಮೆಲ್ಲಗೆ, ಅವಳಿಗಷ್ಟೇ ಕೇಳುವಂತೆ ಓದಿದಳು. ಹುಡುಗಿ ಮುಖ ಕೆಂಪಾಗಿ, ಸೆರಗು ಬಾಯಿಗೆ ಒತ್ತಿಕೊಂಡು ಓಡಿಹೋದಳು. ಮರುದಿನ ಇನ್ನೊಂದು ಕಾಗದ ಹಿಡಿದು ಮತ್ತೊಬ್ಬಳು ಬಂದಳು.

ಬರಲಾಗದ ಬಾಣಂತಿಯರ, ಮುದುಕಿಯರ ಮನೆಗೆ ಅವಳೇ ಹೋಗುವಳು. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ, ಕೂತೆದ್ದು, ಸೊಂಟಕ್ಕೆ ಮಸಿಕುಡಿಕೆ ಕಟ್ಟಿಕೊಂಡು. ಗಂಡನಿಗಿದ್ದ ಹೆಸರು ಒಂದೆರಡು ವರ್ಷದಲ್ಲಿ ಹೆಂಡತಿಯ ಪಾಲಾಯಿತು. "ಟಪಾಲು ಭೀಮಕ್ಕ" ಎಂದರೆ ಊರಿನ ಏಳೂ ಕೇರಿಗೆ ಗೊತ್ತು. "ಯಾವ ತಿರುಮಲರಾಯರು?" ಎಂದು ಯಾರಾದರೂ ಕೇಳಿದರೆ, "ಅದ ರೀ, ಭೀಮಕ್ಕನ ಯಜಮಾನರು" ಅನ್ನುವರು. ರಾಯರಿಗೆ ಇದು ಪೆನ್ಷನ್ನಿಗಿಂತ ಹೆಚ್ಚಿನ ಮರ್ಯಾದೆಯಾಗಿ ಕಂಡಿತು. ಯಾರೂ ಬಾಗಿಲು ಬಡಿಯದ ಮನೆಯನ್ನು ಅವರು ಮರೆತೇಬಿಟ್ಟಿದ್ದರು.

ಮೂವತ್ತೆಂಟರಲ್ಲಿ ಓಣಿಯ ಕೊನೆಗೆ ಕೊಟ್ರಬಸಪ್ಪ ಎಂಬ ಸಾಹುಕಾರ ಅಕ್ಕಿ ಗಿರಣಿ ಹಾಕಿದ. ಭತ್ತದ ಬಂಡಿಗಳು ಬೇವಿನಕಟ್ಟೆ ಓಣಿಯಲ್ಲೇ ಬರತೊಡಗಿದವು. ಎದುರುಬದುರು ಬಂದರೆ ಬಂಡಿಯ ಅಚ್ಚು ಕಟ್ಟೆಗಳಿಗೆ ತಾಕುತ್ತಿತ್ತು. ಓಣಿಗೆ ಚಾಚಿಕೊಂಡಿರುವ ಕಟ್ಟೆಗಳನ್ನೆಲ್ಲ ಒಡೆಸಿ ದಾರಿ ಅಗಲ ಮಾಡಿಸಬೇಕೆಂದು ಅವನು ಊರಿನ ಬೋರ್ಡಿಗೆ ಅರ್ಜಿ ಹಾಕಿದ. ಸುದ್ದಿ ಬಂದಾಗ ಓಣಿಯ ಗಂಡಸರು ಗೊಣಗಿದರು. ಸಾಹುಕಾರನ ಮಾತು, ಬೋರ್ಡಿನ ಕೆಲಸ, ನಮ್ಮದೇನು ನಡೆಯುತ್ತದೆ ಎಂದರು.

"ನಾ ಹೋಗಿ ಮಾತಾಡ್ತೀನಿ" ಎಂದಳು ಭೀಮಾಬಾಯಿ.

"ಜಟಕಾ ತರಸ್ತೀನಿ" ಎಂದರು ರಾಯರು.

"ಜಟಕಾದಾಗ ಹೋದ್ರ ಆಡೂ ಮಾತಿಗೆ ಅರ್ಥ ಎಲ್ಲಿ ಉಳೀತದ? ನಡಕೋತ ಹೋಗ್ತೀನಿ."

ಬೋರ್ಡಿನ ಕಚೇರಿ ಪೇಟೆಯನ್ನೂ ದಾಟಿ, ಬಂಡಿಗಳು ತಂಗುವ ಬಯಲಿನ ಆಚೆ. ಓಣಿ ಬಿಟ್ಟ ಮೇಲೆ ಐನೂರು ಹೆಜ್ಜೆಯಾದರೂ ಆಗುತ್ತಿತ್ತು. ಒಂದು ಕಟ್ಟೆ ಇಲ್ಲ, ನೆರಳಿಲ್ಲ. ಪಂಪಮ್ಮ ತನ್ನ ಮನೆಯಿಂದ ಒಂದು ಮುಕ್ಕಾಲಿ ಪೀಠ ತಂದು ತಲೆಯ ಮೇಲಿಟ್ಟುಕೊಂಡು, "ನಡೀರಿ ಅಕ್ಕಾರ" ಎಂದಳು. ಓಣಿಯ ಹದಿನೈದು ಹೆಂಗಸರು ಹಿಂದೆ ಹೊರಟರು. ನೂರು ಹೆಜ್ಜೆಗೊಮ್ಮೆ ಪಂಪಮ್ಮ ಮುಕ್ಕಾಲಿ ಇಳಿಸುವಳು, ಭೀಮಾಬಾಯಿ ಕೂರುವಳು, ಒಬ್ಬಳು ಸೆರಗಿನಿಂದ ಗಾಳಿ ಹಾಕುವಳು, ಮತ್ತೆ ಏಳುವಳು. ಪೇಟೆಯ ಅಂಗಡಿಯವರು ತಕ್ಕಡಿ ಕೆಳಗಿಟ್ಟು ನೋಡಿದರು. ನಗಲು ಬಾಯಿ ತೆರೆದವರೂ ನಗಲಿಲ್ಲ. ಬಿಸಿಲಲ್ಲಿ ಅವಳ ಮುಖ ಕೆಂಡದಂತಾಗಿತ್ತು, ಕಾಲು ನಡುಗುತ್ತಿತ್ತು, ಕತ್ತು ಮಾತ್ರ ನೆಟ್ಟಗಿತ್ತು.

ಬೋರ್ಡಿನ ಅಧ್ಯಕ್ಷರು ವಯಸ್ಸಾದ ವಕೀಲರು. ಬಾಗಿಲಲ್ಲಿ ಊರುಗೋಲಿನ ಹೆಂಗಸನ್ನೂ ಅವಳ ಹಿಂದಿನ ದಂಡನ್ನೂ ಕಂಡು ಎದ್ದು ನಿಂತರು.

"ಇಷ್ಟು ಬಿಸಿಲಾಗ ಯಾಕ ಬಂದ್ರಿ ತಾಯಿ? ಒಂದು ಅರ್ಜಿ ಬರದು ರಾಯರ ಕೈಯಾಗ ಕಳಿಸಿದ್ರ ಸಾಕಿತ್ತು."

"ಅರ್ಜಿಗೆ ಕಾಲಿಲ್ಲ ಸ್ವಾಮಿ, ಅದಕ್ಕ ನಾನ ಬಂದೆ" ಎಂದಳು ಭೀಮಾಬಾಯಿ. "ನಮ್ಮ ಓಣಿ ಮುಗಿಯೂತನಕ ಕಟ್ಟಿ ಮ್ಯಾಲೆ ಕೂತು ಕೂತು ಆರಾಮ ಬಂದೆ. ಓಣಿ ದಾಟಿದ ಮ್ಯಾಲೆ ಈ ಮುಕ್ಕಾಲಿ ಇಲ್ಲದಿದ್ರ ನಿಮ್ಮ ಮುಂದ ನಿಂದರ್ಲಿಕ್ಕೆ ಆಗ್ತಿರಲಿಲ್ಲ. ಕಟ್ಟಿ ಒಡಸ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಓಣಿಯಾಗಿನ ಒಬ್ಬೊಬ್ಬ ಮುದುಕಿಗೂ ಒಂದೊಂದು ಮುಕ್ಕಾಲಿ ಕೊಡ್ರಿ, ಅದನ್ನ ಹೊರ್ಲಿಕ್ಕೆ ಒಬ್ಬೊಬ್ಬ ಪಂಪಮ್ಮನ್ನೂ ಕೊಡ್ರಿ."

ಅಧ್ಯಕ್ಷರು ಮುಕ್ಕಾಲಿಯನ್ನು ನೋಡಿದರು, ಪಂಪಮ್ಮನನ್ನು ನೋಡಿದರು. ಸೋಮವಾರ ಬೆಳಿಗ್ಗೆ ತಾವೇ ಬಂದು ಓಣಿ ನೋಡುವುದಾಗಿ ಮಾತು ಕೊಟ್ಟರು.

ಸೋಮವಾರ ಅವರು ಬಂದರು. ಕೊಟ್ರಬಸಪ್ಪನೂ ಜೊತೆಗಿದ್ದ. ಭಾರೀ ದೇಹದ ಮನುಷ್ಯ, ಬಂಡಿಯಿಂದ ಇಳಿದು ನಾಲ್ಕು ಮಾರು ನಡೆಯದವನು. ಇಬ್ಬರೂ ಓಣಿಯ ಈ ತುದಿಯಿಂದ ಆ ತುದಿಗೆ ನಡೆದರು. ಒಂದು ಕಟ್ಟೆಯ ಮೇಲೆ ಬಸುರಿಯೊಬ್ಬಳು ಕೊಡ ಇಳಿಸಿ ಉಸಿರು ಬಿಡುತ್ತಿದ್ದಳು. ಇನ್ನೊಂದರ ಮೇಲೆ ಕಣ್ಣು ಕಾಣದ ಅಜ್ಜ, ಗುಡಿಗೆ ಹೋಗುವ ದಾರಿಯಲ್ಲಿ ಕೂತವನು. ಬೇವಿನ ಕೆಳಗೆ ಸೊಪ್ಪಿನವಳು ಪುಟ್ಟಿ ಇಳಿಸಿದ್ದಳು. ಅಧ್ಯಕ್ಷರು ಒಂದೊಂದನ್ನೂ ನೋಡುತ್ತ ನಡೆದರು. ಮರಳಿ ಬರುವಾಗ, ಭೀಮಾಬಾಯಿಯ ಮನೆ ಮುಂದೆ, ಕೊಟ್ರಬಸಪ್ಪನ ಕೈಲಾಗಲಿಲ್ಲ. ಕಟ್ಟೆಯ ಮೇಲೆ ಧೊಪ್ಪನೆ ಕೂತು, ರುಮಾಲು ಬಿಚ್ಚಿ ಬೆವರು ಒರೆಸಿಕೊಂಡು, "ಒಂದು ತಂಬಿಗಿ ನೀರು ಕೊಡ್ರೀ ಅವ್ವ" ಎಂದ.

ಭೀಮಾಬಾಯಿ ಬೆಲ್ಲವನ್ನೂ ನೀರನ್ನೂ ತಂದಿಟ್ಟಳು. ಅವನು ಕುಡಿದು ಮುಗಿಸುವ ತನಕ ಅಧ್ಯಕ್ಷರು ಕಾದರು.

"ಏನಂತೀರಿ ಸಾಹುಕಾರ್ರ, ಈ ಕಟ್ಟಿ ಒಡಸೂಣೇನು?"

ಕೊಟ್ರಬಸಪ್ಪ ತಾನು ಕೂತ ಜಾಗವನ್ನೊಮ್ಮೆ ನೋಡಿಕೊಂಡ. ಹೊಟ್ಟೆ ಕುಲುಕಿ ನಗು ಬಂತು. "ನಾನು ಎದ್ದ ಮ್ಯಾಲೆ ಕೇಳ್ರಿ ಸ್ವಾಮಿ. ಈಗ ಏಳಾಕ ಆಗವಲ್ದು."

ಬಂಡಿಗಳಿಗೆ ಗಿರಣಿಯ ಹಿಂದೆ, ಕಾಲುವೆ ದಂಡೆಯ ಮೇಲೆ ದಾರಿಯಾಯಿತು. ಬಳಸುದಾರಿ, ಖರ್ಚು ಹೆಚ್ಚು ಎಂದು ಸಾಹುಕಾರ ಒಂದು ವರ್ಷ ಗೊಣಗಿದ. ಆದರೆ ಊರಾಚೆಯ ತೋಟದ ಮನೆಯಲ್ಲಿದ್ದ ಅವನ ತಾಯಿ ಸುವರ್ಣಮ್ಮ ಈ ಕಥೆ ಕೇಳಿ, "ಅಂಥ ಓಣಿ ಇದ್ರ ನನಗೂ ಒಂದು ಮನಿ ತಗೋ. ಇಲ್ಲಿ ಬಾಳಿ ಗಿಡದ ಕೂಡ ಎಷ್ಟಂತ ಮಾತಾಡ್ಲಿ?" ಎಂದು ಗಂಟುಬಿದ್ದಳು. ಕೊಟ್ರಬಸಪ್ಪ ಪಂಪಮ್ಮನ ಎದುರಿಗೆ ಒಂದು ಸಣ್ಣ ಮನೆ ಕೊಂಡ. ಅವನಂಥವನೇ ಅಲ್ಲಿ ಮನೆ ಕೊಂಡ ಮೇಲೆ ಊರಿಗೆ ಕಣ್ಣು ತೆರೆಯಿತು. ಹಳೆಯ ಮಾಳಿಗೆ ಮನೆಗಳ ಆ ಓಣಿಯಲ್ಲಿ ಯಾರಾದರೂ ಮಾರುತ್ತಾರೆಯೇ ಎಂದು ಕೇಳಿಕೊಂಡು ಜನ ಬರತೊಡಗಿದರು. ಮಾರುವವರೇ ಇರಲಿಲ್ಲ.

ಹಾಗೆ ಕೇಳಿಕೊಂಡು ಬಂದವರಲ್ಲಿ ಪುರಂದರನೂ ಒಬ್ಬ. ಸ್ಟೇಷನ್ನಿನ ಕಡೆಯ ಆ ಹೆಂಚಿನ ಮನೆಯನ್ನು ಅವನೇ ಕೊಂಡಿದ್ದ. ಈಗ ಮಂಡಿನೋವು. ಪಡಸಾಲೆಯಲ್ಲಿ ಕೂತು, ಕಾಫಿ ಲೋಟ ತಿರುಗಿಸುತ್ತ, ಮುಖ ನೋಡದೆ ಕೇಳಿದ: "ಅಕ್ಕ, ನಿಮ್ಮ ಓಣಿಯಾಗ ಯಾರರೆ ಮನಿ ಕೊಡ್ತಾರೇನು?"

ಭೀಮಾಬಾಯಿಗೆ ಒಳಗೊಳಗೇ ಹಾಲು ಕುಡಿದಷ್ಟಾಯಿತು. ಹೊರಗೆ ಮಾತ್ರ, "ಕೇಳಿ ನೋಡ್ತೀನಿ ತಮ್ಮ" ಎಂದಳು. ಏಳು ತಿಂಗಳು ಕೇಳಿದರೂ ಸಿಗಲಿಲ್ಲ. ಕೊನೆಗೆ ಪಕ್ಕದ ಓಣಿಯಲ್ಲಿ ಸಿಕ್ಕಿತು. ಅಲ್ಲಿ ಕಟ್ಟೆಗಳು ಕಡಿಮೆ. ಅಕ್ಕ ತಮ್ಮ ಇಬ್ಬರೂ ಮನೆಮನೆಗೆ ಹೋಗಿ ಮಾತಾಡಿ, ಒಂದು ಬೇಸಿಗೆಯಲ್ಲಿ ನಾಲ್ಕು ಹೊಸ ಕಟ್ಟೆ ಹಾಕಿಸಿದರು.

ನಲವತ್ತಾರರ ಹೊತ್ತಿಗೆ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸಕ್ಕೆ ಎಲ್ಲೆಲ್ಲಿಂದಲೋ ಜನ ಹೊಸಪೇಟೆಗೆ ಬರುತ್ತಿದ್ದರು. ಒಂದು ಬೆಳಿಗ್ಗೆ ಗುಮಾಸ್ತನೊಬ್ಬ ಹೆಂಡತಿಯನ್ನು ಕರೆದುಕೊಂಡು ಭೀಮಾಬಾಯಿಯ ಬಾಗಿಲಿಗೆ ಬಂದ. ಸುವರ್ಣಮ್ಮನ ಮನೆಯ ಎರಡು ಕೋಣೆ ಬಾಡಿಗೆಗಿವೆಯೆಂದು ಕೇಳಿದ್ದನಂತೆ. ಹೆಂಡತಿ ಚೊಚ್ಚಲ ಬಸುರಿ, ಊರು ಹೊಸದು, ಕಣ್ಣಲ್ಲಿ ಅಂಜಿಕೆ. ಗುಮಾಸ್ತ ಕಿಟಕಿ ಎಷ್ಟು, ನೀರು ಹೇಗೆ ಎಂದು ಒಂದೊಂದೇ ವಿಚಾರಿಸುತ್ತಿದ್ದ.

ಭೀಮಾಬಾಯಿ ಊರುಗೋಲು ಹಿಡಿದು ಎದ್ದಳು. ಐವತ್ತಮೂರು ತುಂಬಿತ್ತು, ಕೂದಲು ಬೆಳ್ಳಗಾಗಿತ್ತು.

"ಕೋಣಿ ಅವರು ನೋಡ್ಲಿ. ನೀ ನನ್ನ ಜೋಡಿ ಬಾರವ್ವ" ಎಂದು ಆ ಹುಡುಗಿಯ ಕೈ ಹಿಡಿದಳು. "ಬಾವಿ ತೋರಸ್ತೀನಿ, ಗುಡಿ ತೋರಸ್ತೀನಿ, ಸೂಲಗಿತ್ತಿ ಸಂಗಮ್ಮನ ಮನಿ ತೋರಸ್ತೀನಿ. ದಣಿವಾದ್ರ ಹೇಳು, ಕುಂದ್ರೂಣು."

ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದ ತಿರುಮಲರಾಯರು ಕನ್ನಡಕ ಮೇಲೆತ್ತಿ ಗುಮಾಸ್ತನಿಗೆ ಹೇಳಿದರು: "ನೀವೂ ಕೂತುಬಿಡ್ರಿ. ಅವರು ಜಲ್ದಿ ಬರೂದಿಲ್ಲ."

ಅರ್ಧ ತಾಸಿಗೆ ಎಂದು ಹೋದವರು ಎರಡು ತಾಸು ಕಳೆದು ಬಂದರು. ಹುಡುಗಿಯ ಮಡಿಲಲ್ಲಿ ಪಂಪಮ್ಮ ಕೊಟ್ಟ ಮಲ್ಲಿಗೆ ಇತ್ತು, ಕಣ್ಣಲ್ಲಿ ಅಂಜಿಕೆ ಇರಲಿಲ್ಲ. ಕೋಣೆ ಹೇಗಿದೆಯೆಂದು ಕೇಳದೆಯೇ ಅವಳು ಗಂಡನಿಗೆ, ಇಲ್ಲೇ ಇರೋಣ ಎಂದಳು.